ತಾಳೆಗರಿ ಮತ್ತು ಧೂಪದ ಮರ: ಪುದುಚೇರಿಯ ಫ್ರೆಂಚ್ ಸಂಸ್ಥೆಯ ಎಪ್ಪತ್ತು ವರ್ಷ

ಕನ್ನಡನಾಡಿನ ನೆನಪಿನಲ್ಲಿ ಫ್ರೆಂಚರು ಎಂದರೆ ಹೈದರ್ ಮತ್ತು ಟಿಪ್ಪುವಿನ ಕಾಲದ ಪಡೆಯವರು. ಪಾಂಡವಪುರಕ್ಕೆ ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಉಳಿದದ್ದೂ ಅವರ ದಂಡು ಅಲ್ಲಿ ಬೀಡುಬಿಟ್ಟಿದ್ದ ಕಾರಣಕ್ಕೇ. ಇನ್ನೊಂದು ನೆನಪು ಪಾದ್ರಿ ಅಬ್ಬೆ ಡುಬಾಯ್ ಅವರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ವರ್ಷಗಟ್ಟಲೆ ನಮ್ಮ ಜನರ ನಡುವೆ ಬಾಳಿ, ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಪುಸ್ತಕದಲ್ಲಿ ವಿವರಗಳು ಹೇರಳ. ಆದರೆ ಅದು ಹೊಸ್ತಿಲ ಆಚೆ ನಿಂತು ಮನೆಯೊಳಗೆ ಇಣುಕಿದವರ ಬರಹ.

ಹೊಸ್ತಿಲು ದಾಟಿ ಒಳಗೆ ಬಂದು, ಚಾಪೆ ಹಾಸಿ, ನಮ್ಮ ಪಂಡಿತರ ಎದುರು ಕುಳಿತು ಪಾಠ ಹೇಳಿಸಿಕೊಂಡ ಫ್ರೆಂಚರೂ ಇದ್ದರು. ಅವರ ಮನೆ ಪುದುಚೇರಿಯಲ್ಲಿದೆ, ಸೇಂಟ್ ಲೂಯಿ ಬೀದಿಯಲ್ಲಿ, ಕಡಲ ದಂಡೆಯ ಪಕ್ಕದಲ್ಲೇ. ಫ್ರೆಂಚ್ ಇನ್‌ಸ್ಟಿಟ್ಯೂಟ್ ಆಫ್ ಪಾಂಡಿಚೇರಿ ಎಂಬ ಈ ಸಂಸ್ಥೆ 1955ರ ಮಾರ್ಚ್‌ನಲ್ಲಿ ಆರಂಭವಾಯಿತು. ಈ ಎಪ್ಪತ್ತು ವರ್ಷಗಳ ಕಥೆಯನ್ನು ಕನ್ನಡದಲ್ಲಿ ಹೇಳಬೇಕಾದ ಕಾರಣಗಳು ಎರಡು. ಒಂದು, ತುಳುನಾಡಿನ ಒಬ್ಬ ಪಂಡಿತರು. ಮತ್ತೊಂದು, ಕೊಡಗಿನ ಒಂದು ತುಂಡು ಕಾಡು.

ಸಂಸ್ಥೆ ಹುಟ್ಟಿದ ಗಳಿಗೆಯೇ ವಿಶೇಷವಾದದ್ದು. 1954ರ ಅಕ್ಟೋಬರ್ 18ರಂದು ಪುದುಚೇರಿ ಸಮೀಪದ ಕೀಳೂರಿನಲ್ಲಿ ಚುನಾಯಿತ ಪ್ರತಿನಿಧಿಗಳು ಸೇರಿ ಮತ ಹಾಕಿದರು. 178 ಮಂದಿಯಲ್ಲಿ 170 ಮಂದಿ ಭಾರತದ ಕಡೆ. ನವೆಂಬರ್ 1ಕ್ಕೆ ಆಡಳಿತ ಕೈ ಬದಲಾಯಿತು. ಪುದುಚೇರಿ, ಕಾರೈಕಾಲ್, ಮಾಹೆ, ಯಾನಂ ನಾಲ್ಕೂ ನಮ್ಮವಾದವು. ಅದಾಗಿ ಐದು ತಿಂಗಳು ತುಂಬುವ ಮೊದಲೇ, ಹೊರಟು ನಿಂತ ಫ್ರಾನ್ಸ್ ಅದೇ ಊರಿನಲ್ಲಿ ಸಂಶೋಧನೆಯ ಮನೆಯೊಂದನ್ನು ತೆರೆಯಿತು, ಭಾರತ ಒಪ್ಪಿಕೊಂಡಿತು. ಹಸ್ತಾಂತರದ ಮಾತುಕತೆಯಲ್ಲೇ ಸಾಂಸ್ಕೃತಿಕ ಸಂಸ್ಥೆಗಳ ಪ್ರಸ್ತಾಪವಿತ್ತು. ಪುದುಚೇರಿ ಫ್ರಾನ್ಸಿನ ಕಡೆಗೆ ತೆರೆದ ಕಿಟಕಿಯಾಗಿ ಉಳಿಯಲಿ ಎಂಬುದು ನೆಹರೂ ಅವರ ಆಸೆ. ಹಸ್ತಾಂತರದ ಪೂರ್ಣ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಮೇ 28ರಂದು, ಅದು ಜಾರಿಗೆ ಬಂದದ್ದು 1962ರ ಆಗಸ್ಟ್‌ನಲ್ಲಿ. ಕಾಗದಪತ್ರ ಪಕ್ಕಾ ಆಗುವ ಹೊತ್ತಿಗೆ ಸಂಸ್ಥೆಗೆ ಏಳು ವರ್ಷ ತುಂಬಿತ್ತು, ಅದರ ಹಲವು ಪುಸ್ತಕಗಳು ಅಚ್ಚಾಗಿದ್ದವು. ಗೋವಾದಲ್ಲಿ ಗುಂಡು ಹಾರಬೇಕಾಯಿತು. ಇಲ್ಲಿ ಹೋಗುವವರು ಗ್ರಂಥಾಲಯ ಕಟ್ಟಿ ಹೋದರು. ವಸಾಹತುಗಳ ಚರಿತ್ರೆಯಲ್ಲಿ ಇಂಥ ಬೀಳ್ಕೊಡುಗೆ ಅಪರೂಪ ಎಂದೇ ನಾನು ತಿಳಿದಿದ್ದೇನೆ.

ಮೊದಲ ನಿರ್ದೇಶಕರು ಝಾನ್ ಫಿಲಿಯೋಜಾ (1906–1982). ವೃತ್ತಿಯಿಂದ ಕಣ್ಣಿನ ವೈದ್ಯರು. ಪ್ಯಾರಿಸ್ಸಿನಲ್ಲಿ ರೋಗಿಗಳನ್ನು ನೋಡುತ್ತಲೇ ಸಂಸ್ಕೃತ, ಪಾಳಿ, ಟಿಬೆಟನ್, ತಮಿಳು ಕಲಿತವರು. ರಾವಣನ ಹೆಸರಿನಲ್ಲಿರುವ, ಶಿಶುಗಳಿಗೆ ತಗಲುವ ಗ್ರಹಬಾಧೆ ಮತ್ತು ಅದರ ಚಿಕಿತ್ಸೆಯನ್ನು ಹೇಳುವ ‘ಕುಮಾರತಂತ್ರ’ವನ್ನು ಕುರಿತು 1937ರಲ್ಲಿ, ಭಾರತದ ಪ್ರಾಚೀನ ವೈದ್ಯವನ್ನು ಕುರಿತು 1949ರಲ್ಲಿ ಅವರ ಪುಸ್ತಕಗಳು ಬಂದಿದ್ದವು. ಯುರೋಪಿನ ಸಂಸ್ಕೃತ ವಿದ್ವಾಂಸರಲ್ಲಿ ಹೆಚ್ಚಿನವರು ವೇದ, ಬೌದ್ಧಮತ, ಕಾಳಿದಾಸ ಎನ್ನುತ್ತಿದ್ದ ಕಾಲದಲ್ಲಿ ಫಿಲಿಯೋಜಾ ಅವರಿಗೆ ತಟ್ಟಿದ್ದು ಬೇರೆಯೇ ಸಂಗತಿ. ದಕ್ಷಿಣದ ಸಾವಿರಾರು ಶಿವಾಲಯಗಳಲ್ಲಿ ದಿನವೂ ಪೂಜೆ ನಡೆಯುತ್ತಿದೆ. ಆ ಪೂಜೆಗೆ, ಆ ಗುಡಿಯ ಪಾಯಕ್ಕೆ, ಗರ್ಭಗುಡಿಯ ಅಳತೆಗೆ, ಉತ್ಸವಮೂರ್ತಿಯ ಕೈಬೆರಳ ಭಂಗಿಗೂ ಆಧಾರ ಶೈವಾಗಮಗಳು. ಆದರೆ ಆ ಆಗಮಗಳು ವಿದ್ವತ್ ಲೋಕದ ಕೈಗೆ ಸಿಕ್ಕಿಲ್ಲ. ಪರಂಪರೆಯ ಲೆಕ್ಕದಲ್ಲಿ ಮೂಲಾಗಮಗಳು 28, ಉಪಾಗಮಗಳು 207. ಅಚ್ಚಾಗಿದ್ದವು ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ತಮಿಳುನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುವ ಗ್ರಂಥ ಲಿಪಿಯಲ್ಲಿ. ಉಳಿದವು ಗುರುಕ್ಕಳ್ ಎಂಬ ಅರ್ಚಕ ಮನೆತನಗಳ ಅಟ್ಟದ ಮೇಲೆ, ಮಠಗಳ ಪೆಟ್ಟಿಗೆಗಳಲ್ಲಿ, ಓಲೆಗರಿಯ ಮೇಲೆ ಮಲಗಿದ್ದವು.

ಸಂಸ್ಥೆಯ ಮೊದಲ ಪ್ರಕಟಣೆ 1956ರಲ್ಲಿ ಬಂತು. ಅದು ಕಾರೈಕಾಲ್ ಅಮ್ಮೈಯಾರ್ ಅವರ ತಮಿಳು ಪದ್ಯಗಳ ಪಾಠ ಮತ್ತು ಫ್ರೆಂಚ್ ಅನುವಾದ, ಕಾರಾವೇಲನ್ ಅವರ ಕೆಲಸ. ನಿನ್ನೆಯವರೆಗೆ ಫ್ರೆಂಚರ ಸ್ವತ್ತಾಗಿದ್ದ ಕಾರೈಕಾಲಿನ ಶಿವಶರಣೆಯಿಂದ ಕೆಲಸಕ್ಕೆ ಮುಹೂರ್ತ ಇಟ್ಟದ್ದು ಚೆನ್ನಾಗಿಯೇ ಒಪ್ಪಿತು.

ಇನ್ನು ಆಗಮಗಳ ಕೆಲಸ. ಅದರ ಭಾರ ಹೊತ್ತವರು ಎನ್. ಆರ್. ಭಟ್. ಹೆಸರಿನ ಮೊದಲ ಅಕ್ಷರವೇ ಊರು ಹೇಳುತ್ತದೆ: ನಿಡ್ಡೋಡಿ ರಾಮಚಂದ್ರ ಭಟ್. ಮೂಡುಬಿದಿರೆಯ ಕಡೆಯ ನಿಡ್ಡೋಡಿಯ ಹೆಸರು ಹೊತ್ತ ಈ ಪಂಡಿತರು ಬಂಗಾಳ ಕೊಲ್ಲಿಯ ದಂಡೆಯಲ್ಲಿ ಕುಳಿತು, ಗ್ರಂಥ ಲಿಪಿಯ ಹಸ್ತಪ್ರತಿಗಳನ್ನು ಓದಿ, ಪ್ಯಾರಿಸ್ಸಿಗೆ ಶೈವಸಿದ್ಧಾಂತದ ಪಾಠ ಹೇಳಿದರು. ಫ್ರೆಂಚ್ ವಿದ್ವಾಂಸರ ಎರಡು ತಲೆಮಾರು ಅವರ ಶಿಷ್ಯವರ್ಗ. ಶೈವ ವಿಧಿಗಳ ಕೈಪಿಡಿಯಾದ ಸೋಮಶಂಭು ಪದ್ಧತಿಯನ್ನು ಅನುವಾದಿಸಿ, ಟಿಪ್ಪಣಿ ಬರೆದು, 1963ರಿಂದ 1998ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಎಲೆನ್ ಬ್ರೂನೆರ್ ಅವರೂ ಈ ಮನೆಯಲ್ಲಿ ಕಲಿತವರೇ.

ಹಸ್ತಪ್ರತಿ ಸಂಗ್ರಹ ಎಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಅದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಓಲೆಗರಿಯ ಕಟ್ಟು ಎಂದರೆ ಮೊಳದುದ್ದದ, ಎರಡು ಬೆರಳಗಲದ ಗರಿಗಳು. ಅವಕ್ಕೆ ತೂತು ಕೊರೆದು ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಬಿಗಿದಿರುತ್ತಾರೆ. ಕಂಟವೆಂಬ ಲೋಹದ ಲೇಖನಿಯಿಂದ ಗೀರಿದ ಅಕ್ಷರಕ್ಕೆ ಬಣ್ಣವಿಲ್ಲ. ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಸಾಲು ಎದ್ದು ಕಾಣುತ್ತದೆ. ಒಣಗಿದ ಗರಿ ಬಿಡಿಸಿದರೆ ಮುರಿಯುತ್ತದೆ, ಅದಕ್ಕೇ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಮೆದುಮಾಡಬೇಕು. ಆ ಎಣ್ಣೆಯ ವಾಸನೆಗೆ ಹುಳವೂ ದೂರ. ಹುಳ ಕೊರೆದ ಕಡೆ ಮಾತ್ರ ಏನೂ ಮಾಡುವಂತಿಲ್ಲ. ಒಂದು ಗರಿಯಲ್ಲಿ ಕೊರೆದ ತೂತು ಹತ್ತು ಗರಿ ದಾಟಿ ಹೋಗಿರುತ್ತದೆ, ಹತ್ತು ಶ್ಲೋಕಗಳಲ್ಲಿ ಒಂದೊಂದು ಅಕ್ಷರ ಇಲ್ಲವಾಗುತ್ತದೆ.

ಆ ಅಕ್ಷರ ಸಿಗಬೇಕಾದರೆ ಅದೇ ಗ್ರಂಥದ ಇನ್ನೊಂದು ಪ್ರತಿ ಬೇಕು. ಅದು ಇನ್ನಾವುದೋ ಊರಿನ ಅರ್ಚಕರ ಮನೆಯಲ್ಲಿರುತ್ತದೆ. ಅವರು ಕಟ್ಟನ್ನು ಕೊಡಲು ಒಪ್ಪಿದರೆ ಸಂಸ್ಥೆಗೆ ತರುವುದು, ಒಪ್ಪದಿದ್ದರೆ ಪ್ರತಿ ಮಾಡಿಸಿ ತರುವುದು. ದೇವನಾಗರಿ ಲಿಪಿಯಲ್ಲಿ, ಕಾಗದದ ಮೇಲೆ, ಕೈಬರಹದಲ್ಲಿ ಹೀಗೆ ಮಾಡಿಸಿದ ಪ್ರತಿಗಳು ಸಂಸ್ಥೆಯಲ್ಲಿ 1,144 ಇವೆ. ಓಲೆಗರಿಯ ಕಟ್ಟುಗಳು 8,000ಕ್ಕೂ ಹೆಚ್ಚು. ಬಹುಪಾಲು ಗ್ರಂಥ ಲಿಪಿಯವು. ನಡುನಡುವೆ ತಮಿಳು, ತೆಲುಗು, ಮಲಯಾಳಂ, ನಂದಿನಾಗರಿ, ತುಳು ಲಿಪಿಯವೂ ಉಂಟು. ತಮಿಳುನಾಡಿನಲ್ಲಿ ಆಡಿ ತಿಂಗಳ ಹದಿನೆಂಟರಂದು, ಕಾವೇರಿ ತುಂಬಿ ಹರಿಯುವಾಗ, ಹಳೆಯ ಓಲೆಗಳನ್ನು ಭಕ್ತಿಯಿಂದ ಹೊಳೆಗೆ ಬಿಡುವ ರೂಢಿಯಿತ್ತು. ಪೆಟ್ಟಿಗೆಯಲ್ಲಿ ಹುಳ ಹಿಡಿಯುವುದಕ್ಕಿಂತ ಗಂಗೆಯ ಪಾಲಾಗಲಿ ಎಂಬ ಶ್ರದ್ಧೆ ಅದು. ಆ ಶ್ರದ್ಧೆಯ ಕೈಯಿಂದ ಗ್ರಂಥವನ್ನು ಬಿಡಿಸಿಕೊಂಡು ಬರಲು ಸಂಸ್ಕೃತ ಬಲ್ಲರೆ ಸಾಲದು. ಅರ್ಚಕರ ಜಗಲಿಯಲ್ಲಿ ಕುಳಿತು, ಅವರ ಮನೆಯ ಪದ್ಧತಿ ಅರಿತು, ಮಾತನಾಡಲು ಗೊತ್ತಿರಬೇಕು. ಪ್ಯಾರಿಸ್ಸಿನಿಂದ ಬಂದ ಪ್ರೊಫೆಸರರಿಂದ ಆಗುವ ಕೆಲಸ ಅದಲ್ಲ. ಅದನ್ನು ಮಾಡಿದವರು ಭಟ್ಟರು ಮತ್ತು ಅವರ ಜೊತೆಯ ಪಂಡಿತರು.

ಸಂಪಾದನೆ ಅದಕ್ಕಿಂತ ನಿಧಾನದ ಕೆಲಸ. ಕನ್ನಡದಲ್ಲಿ ಪ, ವ, ಷ ಒಂದನ್ನೊಂದು ಹೋಲುವಂತೆ ಗ್ರಂಥ ಲಿಪಿಯಲ್ಲೂ ಹೋಲುವ ಅಕ್ಷರಗಳಿವೆ. ಲಿಪಿಕಾರ ಒಂದಕ್ಕೆ ಇನ್ನೊಂದು ಬರೆದರೆ ಸ್ನಾನದ ಮಂತ್ರ ದಾನದ ಮಂತ್ರವಾಗಿಬಿಡಬಹುದು. ಹತ್ತು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಸರಿಯೆನಿಸಿದ ಪಾಠವನ್ನು ಮೇಲೆ ಹಾಕಿ, ಬಿಟ್ಟ ಪಾಠಗಳನ್ನೆಲ್ಲ ಪುಟದ ಅಡಿಯಲ್ಲಿ ಕಾಣಿಸಬೇಕು, ನಾಳೆ ಬೇರೊಬ್ಬ ವಿದ್ವಾಂಸ ಬಂದು ನಿಮ್ಮ ಆಯ್ಕೆ ತಪ್ಪು ಎನ್ನಲು ಅವಕಾಶ ಇರಲಿ ಎಂದು. ಭಟ್ಟರ ರೌರವಾಗಮದ ಮೊದಲ ಸಂಪುಟ 1961ರಲ್ಲಿ ಬಂತು, ಶೈವಾಗಮಗಳ ಬಗ್ಗೆ ಫಿಲಿಯೋಜಾ ಅವರ ದೀರ್ಘ ಪ್ರಸ್ತಾವನೆಯ ಜೊತೆ. ಮರುವರ್ಷ ಮೃಗೇಂದ್ರಾಗಮ, 1964ರಲ್ಲಿ ಅಜಿತಾಗಮದ ಮೊದಲ ಸಂಪುಟ. ಮುಂದೆ ಮತಂಗಪಾರಮೇಶ್ವರಾಗಮ ಎರಡು ಭಾಗಗಳಲ್ಲಿ, 1977 ಮತ್ತು 1982. ರೌರವದ ಮೂರನೆಯ ಸಂಪುಟ ಹೊರಬಂದಾಗ 1988 ಆಗಿತ್ತು, ಅಜಿತದ ಮೂರನೆಯದು 1991ರಲ್ಲಿ. ಈ ಎರಡು ಆಗಮಗಳಲ್ಲಿ ಒಂದೊಂದಕ್ಕೂ 27 ವರ್ಷ! ಅನುದಾನ ಕೊಡುವವರು ಮೂರು ವರ್ಷಕ್ಕೆ ಫಲಿತಾಂಶ ಕೇಳುವ ಈ ಕಾಲದಲ್ಲಿ ಆ ಲೆಕ್ಕವನ್ನು ನಾವು ಎದೆಯ ಮೇಲೆ ಕೈಯಿಟ್ಟು ಓದಬೇಕು. ಅಜಿತಾಗಮದ ಇಂಗ್ಲಿಷ್ ಅನುವಾದ ಐದು ಸಂಪುಟಗಳಲ್ಲಿ 2005ರಲ್ಲಿ ಬಂದಾಗ ಅದರ ಮೇಲೆ ಮೂರು ಹೆಸರುಗಳಿದ್ದವು: ಎನ್. ಆರ್. ಭಟ್, ಝಾನ್ ಫಿಲಿಯೋಜಾ, ಮತ್ತು ಅವರ ಮಗ ಪಿಯರ್-ಸಿಲ್ವೆನ್ ಫಿಲಿಯೋಜಾ.

ಇಲ್ಲಿ ಒಂದು ಮಾತು ಹೇಳಲೇಬೇಕು. ಯುರೋಪಿನವರು ನಮ್ಮ ಪಂಡಿತರಿಂದ ಪಾಠ ಹೇಳಿಸಿಕೊಂಡು, ಪುಸ್ತಕ ಬರೆಯುವಾಗ ಅವರನ್ನು ಮುನ್ನುಡಿಯ ಕೃತಜ್ಞತೆಯ ಸಾಲಿಗೆ ತಳ್ಳಿದ ಉದಾಹರಣೆಗಳು ಹತ್ತೊಂಬತ್ತನೆಯ ಶತಮಾನದ ತುಂಬ ಇವೆ. ಪುದುಚೇರಿಯ ಸಂಪುಟಗಳಲ್ಲಿ ಹಾಗಾಗಲಿಲ್ಲ. ಮುಖಪುಟದಲ್ಲೇ ಸಂಪಾದಕರೆಂದು ಭಟ್ಟರ ಹೆಸರಿದೆ. ಪತಂಜಲಿಯ ಮಹಾಭಾಷ್ಯದ ಮೇಲಿನ ಪ್ರದೀಪಕ್ಕೆ ಬಂದ ವ್ಯಾಖ್ಯಾನಗಳ ಸಂಪುಟಗಳ ಮೇಲೆ ಎಂ. ಎಸ್. ನರಸಿಂಹಾಚಾರ್ಯರ ಹೆಸರಿದೆ. ತಮಿಳಿನ ಶಿವಸ್ತುತಿಗಳಾದ ತೇವಾರಂ ಆವೃತ್ತಿಯಲ್ಲಿ ಟಿ. ವಿ. ಗೋಪಾಲಯ್ಯರ್ ಮತ್ತು ಫ್ರಾನ್ಸ್ವಾ ಗ್ರೋ ಇಬ್ಬರೂ ಜೊತೆಯಾಗಿದ್ದಾರೆ. ಈ ಸಂಸ್ಥೆಯ ಬಗ್ಗೆ ನನಗಿರುವ ಗೌರವದ ಮೂಲ ಇದು.

2005ರಲ್ಲಿ ಯುನೆಸ್ಕೋ ‘ಪುದುಚೇರಿಯ ಶೈವ ಹಸ್ತಪ್ರತಿಗಳು’ ಎಂಬ ಹೆಸರಿನಲ್ಲಿ ಈ ಸಂಗ್ರಹವನ್ನು ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಅದರಲ್ಲಿ ಸೋದರ ಸಂಸ್ಥೆಯ ಹಸ್ತಪ್ರತಿಗಳೂ ಸೇರಿವೆ. 1898ರಲ್ಲಿ ಇಂಡೋಚೀನಾದಲ್ಲಿ ಹುಟ್ಟಿದ ಎಕೋಲ್ ಫ್ರಾನ್ಸೇಸ್ ದೆಕ್ಸ್‌ತ್ರೆಮ್ ಓರಿಯಾಂ (ದೂರಪ್ರಾಚ್ಯದ ಫ್ರೆಂಚ್ ಅಧ್ಯಯನ ಶಾಲೆ) ಪುದುಚೇರಿಯಲ್ಲಿ ಕೇಂದ್ರ ತೆರೆದದ್ದೂ ಫಿಲಿಯೋಜಾ ಅವರ ಕಾಲದಲ್ಲೇ. 1956ರಿಂದ 1977ರವರೆಗೆ ಅದರ ನಿರ್ದೇಶಕರೂ ಅವರೇ ಆಗಿದ್ದರು. ಎರಡೂ ಸಂಸ್ಥೆಗಳು ಸೇರಿ ದಕ್ಷಿಣದ ದೇವಾಲಯಗಳ ಒಂದು ಲಕ್ಷಕ್ಕೂ ಹೆಚ್ಚು ಕಪ್ಪುಬಿಳುಪು ಚಿತ್ರಗಳನ್ನು ತೆಗೆದಿಟ್ಟಿವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟು ಮೆತ್ತಿಸಿಕೊಂಡ ಗುಡಿಗಳ, ಕಳವಾದ ವಿಗ್ರಹಗಳ ಹಿಂದಿನ ರೂಪಕ್ಕೆ ಈಗ ಆ ಚಿತ್ರಗಳೇ ಸಾಕ್ಷಿ. ಇದೇ ಎಕೋಲ್ 1973ರಲ್ಲಿ ಕನ್ನಡತಿ ವಸುಂಧರಾ ಫಿಲಿಯೋಜಾ ಅವರ ಗ್ರಂಥವನ್ನು ಪ್ರಕಟಿಸಿತು. ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತ ಆ ಪುಸ್ತಕ ಇರುವುದು ಫ್ರೆಂಚಿನಲ್ಲಿ. ಹಕ್ಕಬುಕ್ಕರ ಶಾಸನಗಳ ಕಥೆ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು ಹೀಗೆ.

ಇನ್ನು ಕಾಡಿನ ಮಾತು. ಓಲೆಗರಿಯ ಮನೆಯಲ್ಲಿ ಕಾಡಿಗೇನು ಕೆಲಸ ಎಂದು ಕೇಳಬಹುದು. ಒಂದು ನಾಡನ್ನು ಅರಿಯಲು ಅದರ ಗ್ರಂಥವನ್ನೂ ಓದಬೇಕು, ಗಿಡಮರವನ್ನೂ ಓದಬೇಕು ಎಂಬುದು ಸಂಸ್ಥೆಯ ನಿಲುವು. ಆಗಮದ ಕೆಲಸ ಶುರುವಾದ ಬೆನ್ನಲ್ಲೇ ವಿಜ್ಞಾನ ವಿಭಾಗವೂ ತೆರೆಯಿತು. ತುಲೂಸ್‌ನ ಸಸ್ಯವಿಜ್ಞಾನಿ ಆನ್ರಿ ಗೋಸೆನ್ ಅವರ ವಿಧಾನ ಹಿಡಿದು, ಪಿಯರ್ ಲೆಗ್ರಿ ಮತ್ತು ವಿ. ಎಂ. ಮೆಹರ್-ಹೋಮ್ಜಿ ಮೊದಲಾದವರು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಜೊತೆ ಸಸ್ಯಸಂಪತ್ತಿನ ನಕ್ಷೆಗಳಿಗೆ ಕೈಹಾಕಿದರು. ಹತ್ತು ಲಕ್ಷಕ್ಕೆ ಒಂದು ಪ್ರಮಾಣದ ನಕ್ಷೆಗಳು. ಕನ್ಯಾಕುಮಾರಿಯ ಹಾಳೆ ಮೊದಲು, ಆಮೇಲೆ ಮದ್ರಾಸು. ಮೈಸೂರಿನ ಹಾಳೆಯೂ 1960ರ ದಶಕದಲ್ಲೇ ಬಂತು. ಆ ನಕ್ಷೆಯಲ್ಲಿ ಬಣ್ಣವೇ ಭಾಷೆ: ತೇವದ ಸೀಮೆಗೆ ನೀಲಿ, ಒಣ ಸೀಮೆಗೆ ಕಿತ್ತಳೆ. ಒಣ ತಿಂಗಳು ಯಾವುದೆಂದು ತೀರ್ಮಾನಿಸಲು ಗೋಸೆನ್ ಇಟ್ಟ ಲೆಕ್ಕ ಎಷ್ಟು ಸರಳವೆಂದರೆ ಶಾಲೆಯ ಹುಡುಗರೂ ಮಾಡಬಹುದು. ತಿಂಗಳ ಮಳೆ ಎಷ್ಟು ಮಿಲಿಮೀಟರು ಎಂದು ನೋಡಿ. ಆ ತಿಂಗಳ ಸರಾಸರಿ ಉಷ್ಣಾಂಶದ ಎರಡರಷ್ಟಕ್ಕಿಂತ ಅದು ಕಡಿಮೆಯಾದರೆ ಅದು ಒಣ ತಿಂಗಳು. 25 ಡಿಗ್ರಿಯ ತಿಂಗಳಿನಲ್ಲಿ 50 ಮಿಲಿಮೀಟರಿಗಿಂತ ಕಡಿಮೆ ಮಳೆ ಬಿದ್ದರೆ ಗಿಡ ಬಾಯಾರಿದೆ ಎಂದು ಅರ್ಥ.

ಈ ಲೆಕ್ಕವೇ ಪಶ್ಚಿಮಘಟ್ಟದ ಕಾಡನ್ನು ಓದುವ ಕೀಲಿಕೈ ಆಯಿತು. ಝಾನ್-ಪಿಯರ್ ಪಾಸ್ಕಾಲ್ ಕೇರಳದಿಂದ ಉತ್ತರ ಕನ್ನಡದವರೆಗೆ ಘಟ್ಟ ಹತ್ತಿಳಿದು ತೋರಿಸಿದ್ದು ಇದನ್ನು: ಮಳೆ ಎಷ್ಟು ಬೀಳುತ್ತದೆ ಎಂಬುದರಷ್ಟೇ, ಬೀಳದ ತಿಂಗಳು ಎಷ್ಟು ಎಂಬುದೂ ನಿತ್ಯಹರಿದ್ವರ್ಣ ಕಾಡಿನ ಹಣೆಬರಹ ಬರೆಯುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಬೇಸಗೆ ಉದ್ದವಾಗುತ್ತದೆ, ಅದರೊಂದಿಗೆ ಮರಗಳ ಸಂಗಾತವೂ ಬದಲಾಗುತ್ತದೆ. ಆಗುಂಬೆಯಲ್ಲಿ ಧೂಮ, ಹಾಸಿಗೆಮರ, ಬಲಗಿ ಜೊತೆಯಾಗಿ ನಿಂತಿರುವುದು ಆಕಸ್ಮಿಕವಲ್ಲ. ಕರ್ನಾಟಕದ ಅರಣ್ಯ ಇಲಾಖೆಯ ಜೊತೆಗೂಡಿ ಸಂಸ್ಥೆ ಮಡಿಕೇರಿ–ಮೈಸೂರು, ಶಿವಮೊಗ್ಗ, ಬೆಳಗಾವಿ–ಧಾರವಾಡ–ಪಣಜಿ ಹಾಳೆಗಳನ್ನು ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ 1980ರ ದಶಕದ ಮೊದಲರ್ಧದಲ್ಲಿ ಹೊರತಂದಿತು. ನಮ್ಮ ಮಲೆನಾಡಿನಲ್ಲಿ ಅಂದು ಎಲ್ಲಿ ಕಾಡಿತ್ತು, ಎಲ್ಲಿ ಕುರುಚಲಾಗಿತ್ತು ಎಂದು ಇವತ್ತು ಕೇಳುವವರಿಗೆ ಉತ್ತರ ಆ ಹಾಳೆಗಳಲ್ಲಿದೆ. 1987ರಲ್ಲಿ ಪಾಸ್ಕಾಲ್ ಮತ್ತು ಬಿ. ಆರ್. ರಮೇಶ್ ಸೇರಿ ಘಟ್ಟದ ಮರಬಳ್ಳಿಗಳನ್ನು ಗುರುತಿಸುವ ಕೈಪಿಡಿ ತಂದರು. ಹೂವಿಲ್ಲದಿದ್ದರೂ ಎಲೆ, ತೊಗಟೆ, ಹಾಲು ನೋಡಿ ಮರದ ಹೆಸರು ಹೇಳುವ ದಾರಿ ಅದು. ನಮ್ಮ ಕಾಡಿನ ಮಕ್ಕಳಿಗೆ ಮೊದಲಿನಿಂದಲೂ ಗೊತ್ತಿದ್ದ ವಿದ್ಯೆ ಹೀಗೆ ಪುಸ್ತಕದ ಶಿಸ್ತಿಗೆ ಬಂತು.

ಕೊಡಗಿನ ಪಶ್ಚಿಮದ ಅಂಚಿನಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದೊಳಗೆ, ಉಪ್ಪಂಗಳ ಎಂಬಲ್ಲಿ ಐದು ಹೆಕ್ಟೇರಿನಷ್ಟು ಕಾಡನ್ನು ಸಂಸ್ಥೆ 1990ರ ಸುಮಾರಿನಿಂದ ಅಳೆಯುತ್ತಾ ಬಂದಿದೆ. ವರ್ಷಕ್ಕೆ 5,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಕಡಿದಾದ ಇಳಿಜಾರು. ಧೂಪ, ಧೂಮ, ರಕ್ತದ ಬಣ್ಣದ ರಸ ಸೂಸುವ ಕಾಡುಜಾಯಿ, ಕೆಳಗೆ ಹಾಸಿಗೆಮರದ ದಟ್ಟಣೆ. ಸುತ್ತಳತೆ 30 ಸೆಂಟಿಮೀಟರು ದಾಟಿದ ಪ್ರತಿ ಮರಕ್ಕೂ ಒಂದು ಸಂಖ್ಯೆಯಿದೆ. ಕಾಲಿಗೆ ಇಂಬಳ ಹತ್ತುತ್ತಿರುವಾಗ ಮರಕ್ಕೆ ಟೇಪು ಸುತ್ತಿ, ಕಳೆದ ಸಲ ಅಳೆದ ಗೆರೆಯ ಮೇಲೇ ಅಳೆದು ಬರೆದುಕೊಳ್ಳಬೇಕು. ಒಂದು ಬೆರಳು ಮೇಲೆ ಕೆಳಗೆ ಆದರೂ ವರ್ಷದ ಬೆಳವಣಿಗೆಯ ಲೆಕ್ಕ ಕೆಟ್ಟಿತು, ಏಕೆಂದರೆ ಆ ಬೆಳವಣಿಗೆಯೇ ಕೆಲವು ಮಿಲಿಮೀಟರು. ಕೆಲವು ಮರಗಳಿಗೆ ಸ್ಪ್ರಿಂಗ್ ಇರುವ ಉಕ್ಕಿನ ಪಟ್ಟಿ ಸುತ್ತಿ, ಎರಡು ವರ್ಷ ಪ್ರತಿ ತಿಂಗಳೂ ಅದರ ಸಡಿಲು ಬಿಗಿ ನೋಡಿದ್ದಾರೆ. ಬಿದ್ದ ಮರದ ಲೆಕ್ಕ, ಹೊಸದಾಗಿ ಎದ್ದ ಮರದ ಲೆಕ್ಕ ಎರಡೂ ಇದೆ. ಕಡಿಯದೆ ಬಿಟ್ಟ ಕಾಡು ತಾನೇ ಹೇಗೆ ಬಾಳುತ್ತದೆ ಎಂಬುದಕ್ಕೆ ಮೂವತ್ತು ವರ್ಷಕ್ಕೂ ಮೀರಿದ ಇಂಥ ದಿನಚರಿ ಪಶ್ಚಿಮಘಟ್ಟದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಉಪ್ಪಂಗಳದ ಮರ ಅಳೆಯುವವರೂ ರೌರವಾಗಮದ ಪಾಠಾಂತರ ಎಣಿಸಿದವರೂ ಒಂದೇ ಕುಲದವರು.

ಸಂಸ್ಥೆಯಲ್ಲಿ ಹೂವಿನ ಪರಾಗವನ್ನು ಓದುವ ಪ್ರಯೋಗಾಲಯವೂ ಇದೆ. ಅದರ ಹೆಸರು ಹೇಳಿದಾಗ ಅಲ್ಲಿಯ ವಿಜ್ಞಾನಿ ಜಿ. ತಣಿಕೈಮಣಿ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಹೂವಿನ ಪರಾಗಕ್ಕೆ ಸಾವಿಲ್ಲ. ಕೆರೆಯ ತಳದ ಕೆಸರಿನಲ್ಲಿ ಅದು ಸಾವಿರಾರು ವರ್ಷ ಉಳಿಯುತ್ತದೆ. ಕೆಸರನ್ನು ಪದರಪದರವಾಗಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹಿಂದೆ ಅಲ್ಲಿ ಯಾವ ಕಾಡಿತ್ತು ಎಂದು ತಿಳಿಯುತ್ತದೆ. ಅದಕ್ಕೆ ಮೊದಲು ಇಂದಿನ ಪ್ರತಿ ಗಿಡದ ಪರಾಗದ ಗುರುತು ಗೊತ್ತಿರಬೇಕು. ಆ ಗುರುತುಗಳ ಭಂಡಾರ ಕಟ್ಟುವುದರಲ್ಲಿ, ಜಗತ್ತಿನ ಪರಾಗ ಸಾಹಿತ್ಯದ ಸೂಚಿ ಸಿದ್ಧಪಡಿಸುವುದರಲ್ಲಿ ತಣಿಕೈಮಣಿ ತಮ್ಮನ್ನು ತೇಯ್ದುಕೊಂಡರು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕ್ಕೊಳಗಾದ ಪ್ಯಾನ್ ಆಮ್ ವಿಮಾನದಲ್ಲಿ ಅವರೂ ಇದ್ದರು. ಗುಂಡಿಗೆ ಬಲಿಯಾದಾಗ ಇನ್ನೂ ಐವತ್ತು ದಾಟಿರಲಿಲ್ಲ.

1988ರಲ್ಲಿ ಸಮಾಜವಿಜ್ಞಾನದ ವಿಭಾಗ, ಆಮೇಲೆ ಕಂಪ್ಯೂಟರು ಮತ್ತು ಭೂಮಾಹಿತಿಯ ವಿಭಾಗ ಸೇರಿದವು. ಇಂದು ಫ್ರಾನ್ಸಿನ ವಿದೇಶಾಂಗ ಸಚಿವಾಲಯ ಮತ್ತು ಅಲ್ಲಿಯ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರ ಜೊತೆಯಾಗಿ ಸಂಸ್ಥೆಯನ್ನು ನಡೆಸುತ್ತವೆ. ಕೊಡಗಿನ ಕಾಫಿ ತೋಟದ ನೆರಳಿನ ಮರಗಳ ಬಗ್ಗೆಯೂ ಅಲ್ಲಿಯ ಸಂಶೋಧಕರು ಪೊನ್ನಂಪೇಟೆಯ ಅರಣ್ಯ ಕಾಲೇಜಿನವರ ಜೊತೆ ಕೆಲಸ ಮಾಡಿದ್ದಾರೆ.

ಕೊರತೆಯೂ ಇದೆ, ಅದು ಹೆಚ್ಚಾಗಿ ನಮ್ಮ ಕಡೆಯದು. ಸಂಸ್ಥೆಯ ಮೊದಲ ದಶಕಗಳ ಪ್ರಸ್ತಾವನೆಗಳು, ಟಿಪ್ಪಣಿಗಳು ಬಹುತೇಕ ಫ್ರೆಂಚಿನಲ್ಲಿವೆ. ರೌರವ, ಅಜಿತಗಳ ಮೂಲಪಾಠ ದೇವನಾಗರಿಯಲ್ಲಿ ಸಿದ್ಧವಿದೆ. ವೀರಶೈವ ಮಠಗಳೂ ಶಿವಾಲಯಗಳ ಅರ್ಚಕ ಮನೆತನಗಳೂ ಇರುವ ಈ ನಾಡಿನಲ್ಲಿ ಅವುಗಳ ಒಂದು ಒಳ್ಳೆಯ ಕನ್ನಡ ಅನುವಾದ, ಭಟ್ಟರ ಬಗ್ಗೆ ಒಂದು ಸಮಗ್ರ ಜೀವನಚರಿತ್ರೆ ಪ್ರತಿ ಗ್ರಂಥಾಲಯದ ಕಪಾಟಿನಲ್ಲೂ ಇರಬೇಕು. ನಮ್ಮ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ದೇವರ ಕೋಣೆಯ ಗೂಡಿನಲ್ಲಿ, ಊರಿನ ದೇವಸ್ಥಾನದ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟು ಇದ್ದರೆ, ಓದಲು ಬಾರದ ಲಿಪಿ ಎಂದು ಹೊಳೆಗೆ ಬಿಡಬೇಡಿ, ಒಲೆಗೆ ಹಾಕಬೇಡಿ. ಕಟ್ಟು ನಿಮ್ಮಲ್ಲೇ ಇರಲಿ. ಹತ್ತಿರದ ಹಸ್ತಪ್ರತಿ ಭಂಡಾರದವರನ್ನು ಕರೆದು, ಒಂದೊಂದು ಗರಿಯ ಚಿತ್ರ ತೆಗೆಯಲು ಅರ್ಧ ದಿನ ಅವಕಾಶ ಕೊಡಿ.